ನ್ಯಾಮತಿಯ ಹಡಗು, ಹೊನ್ನಾಳಿಯ ಹಾರ

ನ್ಯಾಮತಿಯಲ್ಲಿ ಬೆಳಕು ಹರಿಯುತ್ತಿದೆ. ಚಿಕ್ಕಹನುಮಂತಪ್ಪ ಜಗಲಿಯ ಕಂಬಕ್ಕೆ ಹತ್ತಿನೂಲಿನ ಎಳೆಗಳನ್ನು ಸಿಕ್ಕಿಸಿ, ಇನ್ನೊಂದು ತುದಿಯನ್ನು ತೊಡೆಯ ಮೇಲಿಟ್ಟು ಹೊಸೆಯುತ್ತಿದ್ದಾರೆ. ಎತ್ತಿನ ಮೂಗುದಾರ ಹೊಸೆದ ಕೈ ಅದೇ, ಪಟ್ಟೂ ಅದೇ. ಹಗ್ಗ ಮಾತ್ರ ದಬ್ಬಣದ ಕಣ್ಣಿನಲ್ಲಿ ತೂರುವಷ್ಟು ಸಣ್ಣದು. "ಬಿಸಿಲೇರಿದ್ರೆ ನೂಲು ಒಣಗಿ ಪಟ್ ಅಂತೈತೆ. ಇಬ್ಬನಿ ಇರೋತನಕ ಮಾತು ಕೇಳ್ತೈತೆ" ಎನ್ನುತ್ತಾರೆ.

ಎದುರಿಗೆ ಮಣೆಯ ಮೇಲೆ ಮೊಳದುದ್ದದ ಹಾಯಿಹಡಗೊಂದು ಕಂಬ ಮುರಿದುಕೊಂಡು ಕೂತಿದೆ. ಭಕ್ತಿಯಿಂದ ಮುರಿಯಿತು ಎಂದು ಮುರಿದವರು ಹೇಳುತ್ತಾರೆ. ಆ ಮಾತನ್ನು ಒಪ್ಪಲಾಗದೆ ಇದನ್ನು ಬರೆಯಬೇಕಾಗಿದೆ.

ಚಿಕ್ಕಹನುಮಂತಪ್ಪನವರದು ಹಗ್ಗದ ಕಸುಬು. ಸಂತೆಗಳಲ್ಲಿ ಕಣ್ಣಿ, ಮೂಗುದಾರ, ಬಾವಿಹಗ್ಗ ಮಾರಿ ಬದುಕಿದವರು. ಈಗ ಅಂಗಡಿಗಳಲ್ಲಿ ನೈಲಾನ್ ಸುರುಳಿಗಳು ತೂಗುತ್ತಿವೆ. ಟ್ರ್ಯಾಕ್ಟರಿಗೆ ಮೂಗುದಾರ ಬೇಕಿಲ್ಲ. ಹರೆಯದಲ್ಲಿ ಅಣ್ಣ ಗಾದ್ರಪ್ಪನ ಜೊತೆ ಮಂಗಳೂರು ಬಂದರಿನ ಹಗ್ಗದ ಮಂಡಿಯೊಂದರಲ್ಲಿ ದುಡಿದಿದ್ದರು. ಹಾಯಿ ಬಿಚ್ಚಿ ಹೊರಡುವ ಹಡಗುಗಳನ್ನು ಕಂಡದ್ದು ಅಲ್ಲಿ.

"ಅಷ್ಟು ದೊಡ್ಡ ಹಡಗನ್ನ ಹಿಡಿದು ನಿಲ್ಸಿರೋದು ನಮ್ಮಂಥೋರು ಹೊಸೆದ ಹಗ್ಗ. ಅದನ್ನ ನೋಡಿ ನಮ್ಮಣ್ಣ, 'ಲೇ ಚಿಕ್ಕ, ನಾವೂ ಒಂದು ಮಾಡಾನ ಕಣೋ' ಅಂದಿದ್ದ."

ಆ ಒಂದು ಆಗುವ ಮೊದಲೇ ಗಾದ್ರಪ್ಪ ತೀರಿಕೊಂಡರು. ತಮ್ಮ ಒಬ್ಬರೇ ಕೂತು, ಹಾಲುವಾಣದ ದಿಮ್ಮಿ ಕೊರೆದು ಒಡಲು ಮಾಡಿದರು, ಅಡಿಕೆ ದಬ್ಬೆ ಹೆರೆದು ಕಂಬ ನಿಲ್ಲಿಸಿದರು, ತೆಂಗಿನ ಚಿಪ್ಪಿನಲ್ಲಿ ಕಾಳಿನಷ್ಟು ರಾಟೆಗಳನ್ನು ತೆಗೆದರು. ಹಾಯಿಗೆ ಅಣ್ಣನ ಮದುವೆಯ ಪಂಚೆಯನ್ನು ಹರಿದರು.

"ಎಮ್ಮೆಗೆ ಕಣ್ಣಿ ಇಲ್ಲ ಅಂತ ನಾನು ಬಾಯಿ ಬಡ್ಕಂಡ್ರೆ, ಇವ್ರು ಹಡಗು ಕಟ್ಟಾಕೆ ಕುಂತಿರೋರು" ಎಂದು ಹೆಂಡತಿ ತಿಪ್ಪಮ್ಮ ಒಳಗಿನಿಂದ ಕುಟುಕುತ್ತಾರೆ.

ಕಳೆದ ಆಯುಧಪೂಜೆಗೆ ಹೊನ್ನಾಳಿಯ ಸಂಘವೊಂದರವರು, ತಮ್ಮ ಹೊಸ ಸಭಾಭವನದಲ್ಲಿ ಜನರಿಗೆ ತೋರಿಸುತ್ತೇವೆ, ಮರುದಿನವೇ ತಂದುಕೊಡುತ್ತೇವೆ ಎಂದು ಹಡಗನ್ನು ಒಯ್ದರು. ಭವನದ ಅಂಗಳದಲ್ಲಿ ಲಾರಿ, ಕಾರು, ಬೈಕುಗಳು ಪೂಜೆಗೆ ಸಾಲಾಗಿ ನಿಂತಿದ್ದವು. ಹಡಗೂ ವಾಹನವೇ ತಾನೆ ಎಂದು ಯಾರಿಗೋ ಹೊಳೆಯಿತು. ಸಾಲಿನ ಕೊನೆಗೆ ಅದನ್ನೂ ಇಟ್ಟು, ವಿಭೂತಿ ಬಳಿದು, ಬೂದುಗುಂಬಳ ಒಡೆದರು. ಲಾರಿಗೆ ತಂದಿದ್ದ ಚೆಂಡುಹೂವಿನ ಹಾರವನ್ನು ಹಾಯಿಕಂಬಕ್ಕೆ ತೊಡಿಸಿದರು. ಬೆರಳಿಗಿಂತ ತೆಳುವಾದ ಕಂಬ ಲಟಕ್ಕೆಂದಿತು. ಹಾರ ಹಗ್ಗಗಳಲ್ಲಿ ಸಿಕ್ಕಿಕೊಂಡಿತು. ದೇವರ ಹೆಸರಿನಲ್ಲಿ ತೊಡಿಸಿದ ಹಾರಕ್ಕೆ ಕತ್ತರಿ ತಾಗಿಸಬಾರದಂತೆ. ಆದ್ದರಿಂದ ಹಾರವನ್ನು ಉಳಿಸಿ ಹಗ್ಗಗಳನ್ನು ಕತ್ತರಿಸಿದರು.

ಇಷ್ಟಾದರೂ ಒಂದು ಮಾತು ಹೇಳಿಕಳಿಸಲಿಲ್ಲ. ಕಾದು ಕಾದು ತಾವೇ ಹೋದ ಚಿಕ್ಕಹನುಮಂತಪ್ಪನವರಿಗೆ ಕಾರ್ಯದರ್ಶಿ ಪ್ರಸನ್ನಕುಮಾರ್ ಹೇಳಿದ್ದಿಷ್ಟು: "ಪೂಜೆ ಆಗಿದ್ದು ಭಿನ್ನ ಆಗೈತೆ ರೀ. ಮನಿಗೆ ಕೊಡಾಕೆ ಬರಲ್ಲ. ಅಮಾಸೆ ದಿನ ಹೊಳಿಗೆ ಬಿಡ್ತೀವಿ. ಹಡಗಲ್ವಾ, ನೀರಿಗೆ ಹೋದ್ರೆ ಒಳ್ಳೇದೇ."

ಇವರು ಬರಿಗೈಯಲ್ಲಿ ಊರಿಗೆ ಬಂದರು.

ಭಿನ್ನವಾದ ವಿಗ್ರಹವನ್ನು ಹೊಳೆಗೆ ಬಿಡುವುದು ಹಿರಿಯರಿಂದ ಬಂದ ರೀತಿ. ಅದನ್ನು ತಪ್ಪೆನ್ನುವುದಿಲ್ಲ. ಆದರೆ ಒಬ್ಬನ ಕೈಕೆಲಸವನ್ನು ಅವನನ್ನು ಕೇಳದೆ ವಿಗ್ರಹ ಮಾಡಿ, ಕೇಳದೆ ಮುರಿದು, ಕೇಳದೆ ಮುಳುಗಿಸುವುದು ಯಾವ ಶಾಸ್ತ್ರ? 'ತಪ್ಪಾಯಿತು' ಎಂಬ ಮಾತು ಗಂಟಲಿನಿಂದ ಹೊರಡದಿದ್ದಾಗ ದೇವರನ್ನು ಅಡ್ಡ ನಿಲ್ಲಿಸುವವರು ದೇವರಿಗೂ ಅಂಜದವರು. ತೀರಿಹೋದವರ ಬಟ್ಟೆಯೊಂದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟುಕೊಂಡ ಯಾರಿಗೂ ಆ ಹಾಯಿ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ತಿಪ್ಪಮ್ಮ ಗಂಡನಿಗೆ ಹೇಳದೆ ಹೊನ್ನಾಳಿ ಬಸ್ಸು ಹತ್ತಿದರು. ಭವನದಲ್ಲಿ ಕರ್ಪೂರ, ಕಾಯಿ ಸಿದ್ಧವಾಗಿದ್ದವು.

"ಇದ್ರಾಗೆ ನಮ್ಮ ಭಾವನ ಪಂಚೆ ಐತೆ" ಎಂದರಂತೆ. "ಸತ್ತೋರ ಬಟ್ಟೆ ಹೊಳಿಗೆ ಬಿಡೋದು ಮನೆಯೋರ ಕೆಲಸ. ನಿಮ್ಮ ಸಂಘದಾಗೆ ಅವರ ಮಕ್ಕಳು ಯಾರಿದೀರಿ, ಮುಂದೆ ಬರ್ರಿ."

ಯಾರೂ ಬರಲಿಲ್ಲ. ತಿಪ್ಪಮ್ಮ ಹಡಗನ್ನು ಎತ್ತಿಕೊಂಡು ನೇರ ಬಸ್‌ಸ್ಟ್ಯಾಂಡಿಗೆ ನಡೆದರು, ಮಡಿಲಲ್ಲಿಟ್ಟುಕೊಂಡು ಊರಿಗೆ ತಂದರು. ಹಾಗಾದರೆ ಹೊಳೆಗೆ ಬಿಡುವುದು ಯಾವಾಗ ಎಂದು ಕೇಳಿದರೆ, "ನಮ್ಮ ಭಾವನೇ ಕನಸ್ನಾಗೆ ಬಂದು ಹೇಳ್ಲಿ, ನೋಡಾನ" ಎನ್ನುತ್ತಾರೆ.

ಸಂಘದಿಂದ ಈವರೆಗೆ ಒಬ್ಬರೂ ಈ ಜಗಲಿ ಹತ್ತಿಲ್ಲ. ಚಿಕ್ಕಹನುಮಂತಪ್ಪನವರಿಗೆ ಅವರ ಮೇಲೆ ಸಿಟ್ಟೂ ಇದ್ದಂತಿಲ್ಲ. ಅದೇ ಸಂಕಟದ ವಿಷಯ.

"ಕೇಳಿದ್ರೆ ಇನ್ನೊಂದು ಸಲನೂ ಕೊಡ್ತೀನಿ ಸ್ವಾಮಿ. ಜನ ನೋಡ್ಲಿ ಅಂತಾನೇ ಮಾಡಿರೋದು. ಹಾರ ಮಾತ್ರ ಬ್ಯಾಡ ಅಂತ ಬರೀರಿ."

ಹೊಸ ಹಗ್ಗವನ್ನು ಹಡಗಿಗೆ ಬಿಗಿಯುವ ಮೊದಲು, ಅದರಲ್ಲೇ ಉಳಿದಿದ್ದ ಹಳೆಯ ಹಗ್ಗದ ತುಂಡುಗಳನ್ನು ಹಾಕಿಟ್ಟ ಬಟ್ಟಲನ್ನು ನನ್ನ ಕಡೆ ಸರಿಸುತ್ತಾರೆ.

"ಕತ್ತರಿ ಹಾಕಿದ್ರು, ನಿಜ. ಗಂಟು ನೋಡ್ರಿ. ಒಂದೂ ಬಿಚ್ಚಿಲ್ಲ."