ಬಾಯಿ ಸಾಫ್

ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ತಳ ಹಿಡಿಯುವವರೆಗೂ ನಾನು ಅಡುಗೆಮನೆಯ ಬಾಗಿಲಲ್ಲೇ ಕುಳಿತಿದ್ದೆ. ಗೊತ್ತಾಗಲೇ ಇಲ್ಲ. ಸೊಸೆ ಹಿತ್ತಲಿನಿಂದ ಓಡಿ ಬಂದಳು. "ಮಾಮಾ, ಇಷ್ಟು ವಾಸನಿ ಬರಾಕತ್ತದ, ನಿಮಗ ತಿಳೀಲಿಲ್ಲೇನ್ರೀ?" ಎಂದಳು. ಮೂರು ದಿನದಿಂದ ನೆಗಡಿ. ಕಲಬುರಗಿಯ ಬ್ರಹ್ಮಪುರದ ನಮ್ಮ ಹಳೆಯ ಓಣಿಯ ಡ್ರೈವರ್ ಕಾಕಾ ಎದುರಿಗೆ ಬಂದು ನಿಂತಂತಾಯಿತು...

ಅವು ನಿಜಾಮರ ಆಳಿಕೆಯ ಕೊನೆಯ ವರ್ಷಗಳು. ನಾನು ಕಲಬುರಗಿಯ ಸಾವ್ಕಾರರೊಬ್ಬರ ಲಾರಿ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಕಾಕಾ ಅಲ್ಲಿಯೇ ಡ್ರೈವರ್. ಕಮಲಾಪುರದಿಂದ ಕೆಂಪು ಬಾಳೆಗೊನೆ ತರುವುದು ಅವರ ಕೆಲಸ. ಕೈ ಬಂಗಾರದಂಥದು, ಬಾಯಿಗೆ ಮಾತ್ರ ಸೇಂದಿಯ ಚಟ. ಒಮ್ಮೆ ಕುಡಿದ ಅಮಲಿನಲ್ಲಿ ಕಮಲಾಪುರದ ಹತ್ತಿರದ ಇಳಿಜಾರಿನಲ್ಲಿ, ಸೇತುವೆಯ ಮೇಲೆ, ಎದುರು ಬಂದ ಬಂಡಿಗೆ ಗುದ್ದಿದರು. ಎತ್ತು ಸತ್ತಿತು. ಲೈಸೆನ್ಸು ಪೊಲೀಸರ ಪಾಲಾಯಿತು.

ಆರು ತಿಂಗಳ ಮೇಲೆ ಲೈಸೆನ್ಸು ಕೈಗೆ ಬಂದರೂ ಸಾವ್ಕಾರರು ಲಾರಿ ಕೊಡಲಿಲ್ಲ. ಮೊದಲು ಮೂರು ತಿಂಗಳು ಲಾರಿ ತೊಳೆಯಬೇಕು. ಆಮೇಲೆ ವಿಭೂತಿ ಹಿಡಿದು ಎಲ್ಲರೆದುರು ಆಣೆ ಮಾಡಬೇಕು. ಅದಾದ ಮೇಲೂ ದಿನಾ ಬೆಳಿಗ್ಗೆ ಗುಮಾಸ್ತನ ಮುಖಕ್ಕೆ ಉಸಿರು ಬಿಡಬೇಕು. ನಾನು ಮೂಸಿ ನೋಡಿ ರಿಜಿಸ್ಟರಿನಲ್ಲಿ 'ಬಾಯಿ ಸಾಫ್' ಎಂದು ಬರೆದರೇ ಕೀಲಿಕೈ. ಇನ್ನೊಂದು ಸಲ ವಾಸನೆ ಬಂತೆಂದರೆ ಜನ್ಮಕ್ಕೂ ಲಾರಿ ಮುಟ್ಟುವಂತಿಲ್ಲ. ಅಪ್ಪನ ವಯಸ್ಸಿನವರು ನನ್ನೆದುರು ಬಾಯಿ ತೆರೆದು ನಿಂತಾಗ ಮೊದಮೊದಲು ನಾಚಿಕೆಯಾಗುತ್ತಿತ್ತು. ಬರಬರುತ್ತ, ಸುಳ್ಳೇಕೆ ಹೇಳಲಿ, ಹಮ್ಮು ಬಂತು. ಹಮಾಲರು 'ಮೂಗಿನ ಸಾಹೇಬ್ರು' ಎಂದು ಚೇಷ್ಟೆ ಮಾಡಿದರೆ ಒಳಗೊಳಗೇ ಹಿಗ್ಗುತ್ತಿದ್ದೆ.

ಕಾಕಾ ಒಂದು ದಿನವೂ ತಪ್ಪಲಿಲ್ಲ. ಆದರೆ ದಿನದಿನಕ್ಕೆ ಕರಗುತ್ತ ಹೋದರು. "ದಾರ್ಯಾಗಿನ ಸೇಂದಿ ಗಿಡ ನನ್ನ ಕಡೀಗೇ ನೋಡ್ತಾವ ತಮ್ಮಾ. ಹೋಗೂಮುಂದೂ ನೋಡ್ತಾವ, ಬರೂಮುಂದೂ ನೋಡ್ತಾವ," ಎಂದರು ಒಮ್ಮೆ. ನಾನು ನಕ್ಕೆ. ಅವರು ನಗಲಿಲ್ಲ.

ಆ ಹೊತ್ತಿಗೆ ಊರೂ ಕೆಟ್ಟಿತ್ತು. ನಿಜಾಮರನ್ನು ಇಳಿಸಲು ಫೌಜು ಬರುತ್ತದೆ ಎಂಬ ಗುಲ್ಲು. ಹಗಲಿನಲ್ಲೇ ಅಂಗಡಿಗಳು ಅರ್ಧ ಬಾಗಿಲು ಹಾಕಿಕೊಂಡಿರುತ್ತಿದ್ದವು. ಲೂಟಿಗೆ ಅಂಜಿ ಹಳ್ಳಿಗಳಿಂದ ಜನ ಗಂಟುಮೂಟೆ ಹೊತ್ತು ಬರುತ್ತಿದ್ದರು. ಉಳಿದ ಡ್ರೈವರುಗಳು ಕಮಲಾಪುರದ ದಾರಿಗೆ ಹೋಗಲೊಲ್ಲೆವೆಂದರು. ಒಲ್ಲೆ ಎನ್ನುವ ಸ್ಥಿತಿಯಲ್ಲಿ ಕಾಕಾ ಇರಲಿಲ್ಲ.

ಆ ಬೆಳಿಗ್ಗೆ ನನಗೆ ಇಂಥದೇ ನೆಗಡಿ. ಕಾಕಾ ಬಂದರು. ಕಣ್ಣು ಕೆಂಪಗಿದ್ದವು. ಅಂಜಿಕೆಗೆ ಓಣಿಯಲ್ಲಿ ಯಾರೂ ನಿದ್ದೆ ಮಾಡಿರಲಿಲ್ಲ, ನನ್ನ ಕಣ್ಣೂ ಹಾಗೇ ಇದ್ದವು. ಅವರು ಬಾಗಿ ಉಸಿರು ಬಿಟ್ಟರು. ಮುಖಕ್ಕೆ ಬಿಸಿ ತಾಗಿತು, ಅಷ್ಟೇ.

"ಮೂಗು ಕಟ್ಟ್ಯದೇನು ತಮ್ಮಾ?"

"ಇಲ್ರೀ ಕಾಕಾ."

ಹಮಾಲರು ನಿಂತು ನೋಡುತ್ತಿದ್ದರು. ಮೂಗಿನ ಸಾಹೇಬನ ಮೂಗೇ ಕೆಟ್ಟಿದೆ ಎಂದು ಹೇಗೆ ಹೇಳಲಿ? ಕಾಕಾ ನನ್ನ ಮೂಗನ್ನೇ ನೋಡಿದರು. ಇನ್ನೇನೋ ಹೇಳುತ್ತಾರೆ ಅಂದುಕೊಂಡೆ... "ಹಂಗಾದ್ರ ಬರಿ," ಎಂದರು. ನಾನು ಬರೆದೆ. ಅವರು ಕೀಲಿಕೈ ಎತ್ತಿಕೊಂಡರು.

ಮಧ್ಯಾಹ್ನಕ್ಕೆ ಸುದ್ದಿ ಬಂತು. ಅದೇ ಸೇತುವೆ. ಲಾರಿ ಹಳ್ಳಕ್ಕೆ ಮಗುಚಿತ್ತು. ಜೊತೆಗಿದ್ದ ಇಬ್ಬರು ಹಮಾಲರು ಜಿಗಿದು ಉಳಿದರು, ಕಾಕಾ ಉಳಿಯಲಿಲ್ಲ. ಎಮ್ಮೆ ಅಡ್ಡ ಬಂತೆಂದು ಒಬ್ಬ ಹೇಳಿದ. ಇನ್ನೊಬ್ಬ ತಾನು ನೋಡಲಿಲ್ಲ ಎಂದ. ವಾರದೊಳಗೆ ಫೌಜು ಬಂದು ಸರ್ಕಾರವೇ ಬದಲಾಯಿತು. ಡ್ರೈವರನ ಸಾವನ್ನು ವಿಚಾರಿಸುವವರು ಯಾರೂ ಇರಲಿಲ್ಲ.

ಓಣಿ ಮಾತ್ರ ಬಿಡಲಿಲ್ಲ. ಕುಡಿದೇ ಸತ್ತ ಎಂದು ಆಡಿಕೊಂಡಿತು. ಒಂದು ದಿನ ಕಾಕಿ, ಅವರ ಹೆಂಡತಿ, ತಲೆ ಮೇಲೆ ಸೆರಗು ಹೊದ್ದು ಆಫೀಸಿಗೇ ಬಂದರು. "ತಮ್ಮಾ, ಅವತ್ತ ಅವರ ಬಾಯಿ ಸಾಫ್ ಇತ್ತಲ್ಲಾ? ನೀ ಹೇಳು, ಸಾಕು ನನಗ."

ನಾನು ರಿಜಿಸ್ಟರು ತೆಗೆದು ತೋರಿಸಿದೆ. ಅವರಿಗೆ ಓದು ಬರುತ್ತಿರಲಿಲ್ಲ. ನನ್ನ ಅಕ್ಷರದ ಮೇಲೆ ಬೆರಳಾಡಿಸಿ ಆ ಬೆರಳನ್ನು ಕಣ್ಣಿಗೊತ್ತಿಕೊಂಡರು. "ನೀ ಬರ್ದೀ ಅಂದ್ರ ಖರೇನ ಅದ," ಎಂದು ಹೋದರು. ಸಾಯುವ ತನಕ ಓಣಿಯವರ ಎದುರು ಅದೇ ಮಾತು ಹೇಳುತ್ತಿದ್ದರಂತೆ.

ಕಾಕಾ ಕುಡಿದಿದ್ದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಿರಬೇಕಾದವನು ನಾನೊಬ್ಬನೇ. ಮೂಗು ಕಟ್ಟಿದೆಯೇ ಎಂದು ಅವರು ಕೇಳಿದ್ದು ಬರೀ ಅಕ್ಕರೆಗೋ, ಇಲ್ಲ, ತಮ್ಮನ್ನು ತಡೆ ಎಂದು ಬೇಡಿಕೊಂಡದ್ದೋ.

ಸೊಸೆ ಸೀದ ಪಾತ್ರೆ ಉಜ್ಜುತ್ತ ಮತ್ತೆ ಕೇಳಿದಳು.

"ಮೂಗು ಕಟ್ಟ್ಯದವ್ವಾ," ಎಂದೆ.

ಅಷ್ಟೇ ಮಾತು. ಎಷ್ಟು ಸಲೀಸಾಗಿ ಬಂತು.