ಅತ್ತೆಯ ಹಿಂದೆ ಒಂದು ಸುತ್ತು

ಎದೆ ಹಿಡಿದುಕೊಳ್ಳಬಹುದಿತ್ತು. ತಲೆ ಸುತ್ತಿ ಜೋಳದ ಸಾಲಿನೊಳಗೆ ಬಿದ್ದರೆ ಯಾರಿಗೂ ಕಾಣದೆ ಹೋಗಬಹುದಿತ್ತು. ಎರೆಮಣ್ಣಿನ ಬಿರುಕಿನಲ್ಲಿ ಕಾಲು ಸಿಕ್ಕು ಮುರಿಯಬಹುದಿತ್ತು. ಅಂಬುಲೆನ್ಸಿಗೆ ಫೋನು ಹತ್ತದಿರಬಹುದಿತ್ತು. ಹತ್ತಿದರೂ, ಅದರ ಚಾಲಕ ದಾರಿ ಕೇಳಲು ಯಾರದೋ ಹೊಲದ ಬಳಿ ನಿಂತರೆ, ಹಬ್ಬದ ದಿನ ಹಂಗೇ ಹೋಗಬಾರದು ಅಂತ ಅವನನ್ನು ಊಟಕ್ಕೆ ಕೂರಿಸಿಬಿಡಬಹುದಿತ್ತು. ಎಳ್ಳಮಾವಾಸ್ಯೆಯ ಬೆಳಿಗ್ಗೆ ಕೊಪ್ಪಳದಿಂದ ಅಳವಂಡಿಗೆ ಹೋಗುವ ಬಸ್ಸಿನಲ್ಲಿ ಕೂತು ಇಷ್ಟನ್ನೂ ನಾನು ಯೋಚಿಸಿ ಮುಗಿಸಿದ್ದೆ.

ಕಾರಣವಿತ್ತು. ನನಗೀಗ ಐವತ್ತೆರಡು. ಅಜ್ಜ ಎದೆನೋವಿನಿಂದ ಹೋದದ್ದು ಐವತ್ತೆರಡಕ್ಕೆ, ಅಪ್ಪನೂ ಅದೇ ವಯಸ್ಸಿಗೆ. ಅಜ್ಜನ ಹೊಲ ಒಡೆದು ಪಾಲಾಗಿ ನನಗೆ ಬಂದದ್ದು ನಾಲ್ಕೇ ಎಕರೆ. ಅವನ ಎದೆ ಮಾತ್ರ ಪಾಲಾಗದೆ ಇಡಿಯಾಗಿ ಬಂದಿದೆ ಎಂಬುದು ನನ್ನ ನಂಬಿಕೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಬಿಪಿ ಚೂರು ಜಾಸ್ತಿ ಇದೆ, ಉಳಿದದ್ದು ಸರಿಯಿದೆ, ಮನೆತನದಲ್ಲಿ ಎದೆನೋವು ಇರುವುದರಿಂದಲೇ ನೀವು ಉಳಿದವರಿಗಿಂತ ಹೆಚ್ಚು ನಡೆಯಬೇಕು ಎಂದಿದ್ದರು. ನಾನು ನಡೆಯುವುದು ಬಿಟ್ಟು, ನಾಡಿ ತೋರಿಸುವ ಕೈಗಡಿಯಾರ ಕೊಂಡಿದ್ದೆ.

ಹೊಲದಲ್ಲಿ ಪೂಜೆಯಾದ ಮೇಲೆ ನಮ್ಮಲ್ಲಿ ಚರಗ ಚೆಲ್ಲುತ್ತಾರೆ. ಮುಂದಿನವರು ಎಡೆಯ ಅಡುಗೆಯನ್ನು ಕಲಸಿ ಬುಟ್ಟಿಯಲ್ಲಿಟ್ಟುಕೊಂಡು ಬದುವಿನ ಗುಂಟ ಹೊಲದ ಸುತ್ತ ಭೂಮಿಗೆ ಬೀರುತ್ತಾ ಹೋಗಬೇಕು. ಹಿಂದಿನವರು ತಂಬಿಗೆಯಿಂದ ಅದರ ಮೇಲೆ ನೀರು ಚಿಮುಕಿಸಬೇಕು. ಮೊದಲು ಅಪ್ಪ ಚೆಲ್ಲುತ್ತಿದ್ದ. ಅವನು ಹೋದ ವರ್ಷ ಎಲ್ಲರೂ ಮುಖ ಮುಖ ನೋಡುತ್ತಾ ನಿಂತಿದ್ದಾಗ, ಅದೇ ಊರಿಗೆ ಕೊಟ್ಟಿದ್ದ ಅವನ ಅಕ್ಕ, ನನ್ನ ಅತ್ತೆ, ಬುಟ್ಟಿ ಎತ್ತಿಕೊಂಡು ನಡೆದಳು. ಇಪ್ಪತ್ನಾಲ್ಕು ವರ್ಷವಾಯಿತು, ಇನ್ನೂ ಕೆಳಗಿಟ್ಟಿಲ್ಲ. ಈಗ ಅವಳಿಗೆ ಎಪ್ಪತ್ತೆಂಟು. ಈ ಸಲ, ನೀರು ಹಾಕುತ್ತಿದ್ದ ಅವಳ ಗಂಡ, ನನ್ನ ಮಾವನಿಗೆ ಮೊಣಕಾಲು ನೋವು. ತಂಬಿಗೆ ನನ್ನ ಕೈಗೆ ಬಂತು.

ಅತ್ತೆ ಬರಿಗಾಲಲ್ಲಿ ಹೆಂಟೆಗಳ ಮೇಲೆ ನಡೆದರೆ ಹೆಂಟೆಗೂ ಗೊತ್ತಾಗುವುದಿಲ್ಲ. ಕೈ ಬೀರುವುದು, ಕಾಲು ಇಡುವುದು, ಉಸಿರು ಎಳೆಯುವುದು ಎಲ್ಲ ಒಂದೇ ಲಯ. ನಾನು ತಂಬಿಗೆಯನ್ನು ಎರಡೂ ಕೈಯಲ್ಲಿ ಅವಚಿಕೊಂಡು, ಮಣಿಕಟ್ಟಿನ ಗಡಿಯಾರ ನೋಡುತ್ತಾ ಹಿಂದೆ ಓಡುತ್ತಿದ್ದೆ. ನೂರಾ ಹದಿನೆಂಟು. ನೂರಾ ಇಪ್ಪತ್ತಾರು.

“ಅತ್ತಿ, ಸಾವಕಾಶ ನಡಿ ಬೇ. ನಮ್ಮ ಮನಿತನದ ಎದಿ ಎಂಥಾದು ಅಂತ ಗೊತ್ತೈತಿಲ್ಲ ನಿನಗ?”

ಅವಳು ತಿರುಗಲಿಲ್ಲ. “ಯಾಕ ಗೊತ್ತಿಲ್ಲ? ನಿಮ್ಮಪ್ಪನ ರಕ್ತನ ನನ್ನ ಮೈಯಾಗೂ ಐತಿ. ಅಂವ ಹ್ವಾದ ವರ್ಷನ ನನಗೂ ಬಿಪಿ ಐತಿ ಅಂದ್ರು. ದಿನಾ ಮುಂಜಾನೆ ಗುಳಿಗಿ ನುಂಗತೀನಿ, ಎರಡು ಮೈಲು ಆ ರಕ್ತಾನ ಹೊಲದ ಮಟ ಅಡ್ಡಾಡಿಸಿಕೊಂಡು ಬರ್ತೀನಿ. ನೀ ಅದನ್ನ ಕುರ್ಚಿ ಮ್ಯಾಲ ಕುಂದರಿಸಿ ಕಾಯಾಕತ್ತೀದಿ.”

ಅತ್ತೆಗೆ ಬಂದದ್ದು ಅಜ್ಜಿಯ ಗಟ್ಟಿ ರಕ್ತ, ದೇವರು ಪಕ್ಷಪಾತಿ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಡಾಕ್ಟರ ಮುಂದೆ ನಮ್ಮ ವಂಶದ ಎದೆಗಳನ್ನೆಲ್ಲ ಒಂದೊಂದಾಗಿ ಹೇಳಿದವನು, ಇವಳದನ್ನು ಒಮ್ಮೆಯೂ ಕೇಳಿರಲಿಲ್ಲ. ನಾನು ಹೊತ್ತು ತಿರುಗುವ ಭಯವನ್ನೇ ಅವಳೂ ಹೊತ್ತಿದ್ದಳು. ಯಾರಿಗೂ ಹೇಳದೆ, ದಿನಾ ಎರಡು ಮೈಲು ನಡೆದಿದ್ದಳು. ಮುಂದೆ ಹೋಗುತ್ತಿದ್ದ ಆ ಬಿರುಕು ಬಿಟ್ಟ ಹಿಮ್ಮಡಿಗಳನ್ನು ನೋಡಿ ಕೈಮುಗಿಯಬೇಕೆನಿಸಿತು. ಕೈಯಲ್ಲಿ ತಂಬಿಗೆ ಇತ್ತು.

ಸುತ್ತು ಮುಗಿಯಿತು. ಬನ್ನಿಗಿಡದ ನೆರಳಲ್ಲಿ ನಿಂತು ನನ್ನ ಎದೆಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ. ಜೋರಾಗಿ ಬಡಿಯುತ್ತಿತ್ತು, ಅಷ್ಟೇ, ನೋವಿಲ್ಲ. ಗೆದ್ದವನಂತೆ ತಂಬಿಗೆಯನ್ನು ಮಾವನಿಗೆ ಕೊಟ್ಟೆ. ಅವರು ಒಳಗೆ ಇಣುಕಿ ಅತ್ತೆಯ ಮುಂದೆ ಹಿಡಿದರು.

ನೀರು ಕಂಠದ ಮಟ್ಟಕ್ಕೆ ಹಾಗೇ ಇತ್ತು. ಇಡೀ ಸುತ್ತಿನಲ್ಲಿ ನಾನು ಒಂದು ಹನಿಯನ್ನೂ ಚಿಮುಕಿಸಿರಲಿಲ್ಲ.

“ಭೂಮ್ತಾಯಿಗೆ ಒಣಾ ಊಟ ಹಾಕಿಸಿದ್ಯಲ್ಲೋ,” ಎಂದಳು ಅತ್ತೆ. “ಇನ್ನೊಂದು ಸುತ್ತು ಹೊಡಿ, ನಡಿ.”

ಗಡಿಯಾರ ಬಿಚ್ಚಿ ಮಾವನ ಕೈಗೆ ಕೊಟ್ಟು ಹೊರಟೆ.