ಊಟದ ಲೆಕ್ಕಕ್ಕೆ ಬಾರದ್ದು

ಅಲಮೇಲು ಎರಡನೆಯ ಸಲ ಹೊಟ್ಟೆಯ ಆಪರೇಷನ್ ಮಾಡಿಸಿಕೊಳ್ಳಬೇಕೋ ಬೇಡವೋ ಎಂಬ ಮಾತು ಇಂದಿರಾನಗರದ ವಿಮಾ ನೌಕರರ ಕಾಲನಿಯ ಆ ಮನೆಯಲ್ಲಿ ಒಂದು ವರ್ಷದಿಂದ ನಡೆದಿತ್ತು. ಗಂಡ ವೆಂಕಟಸುಬ್ಬಯ್ಯ ಮಾಡಿಸಲೇಬೇಕು ಅನ್ನುತ್ತಿದ್ದರು. ಅವಳು ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಮೊದಲನೆಯದು ಆಗಿದ್ದು ೨೦೦೨ರಲ್ಲಿ. ಆಗ ಅವಳಿಗೆ ನಲವತ್ತು ವರ್ಷ. ಮರ್ಫಿ ಟೌನಿನ ಒಂದು ಕನ್ನಡ ಶಾಲೆಯಲ್ಲಿ ಮೂರನೇ ತರಗತಿಯ ಟೀಚರ್. ಬಿಸಿಲಿನ ದಿನ ಪ್ರಾರ್ಥನೆಯ ಸಾಲಿನಲ್ಲಿ ಅವಳ ನೆರಳಲ್ಲಿ ನಿಲ್ಲಲು ಮಕ್ಕಳು ಜಗಳವಾಡುತ್ತಿದ್ದವು. ಅವಳೂ ನಕ್ಕುಬಿಡುತ್ತಿದ್ದಳು. ನಗಲಾಗದೆ ಹೋದದ್ದು ಆಸ್ಪತ್ರೆಯ ತೂಕದ ಮೆಷಿನ್ನಿನ ಮೇಲೆ. ಮುಳ್ಳು ನೂರ ಹದಿನೆಂಟರಲ್ಲಿ ನಿಂತಿತು. ಮುಂದೆ ಎರಡೇ ಗೆರೆ ಇದ್ದವು.

ಆ ಸಲ ಡಾಕ್ಟರು ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯಲಿಲ್ಲ. ನಾಲ್ಕೈದು ಸಣ್ಣ ತೂತು ಮಾಡಿ, ಜಠರದ ಮೇಲ್ಭಾಗಕ್ಕೆ ಮೆತ್ತನೆಯ ಒಂದು ಉಂಗುರ ತೊಡಿಸಿದರು. ಉಂಗುರದ ಮೇಲೆ ಉಳಿದ ಸಣ್ಣ ಚೀಲ ತುಂಬಿದರೆ ಸಾಕು, ಹಸಿವು ನಿಲ್ಲುತ್ತದೆ. ಎರಡು ವರ್ಷದಲ್ಲಿ ಅವಳು ಮೂವತ್ತನಾಲ್ಕು ಕಿಲೋ ಇಳಿದಳು. ರವಿಕೆಗಳನ್ನೆಲ್ಲ ಹೊಸದಾಗಿ ಹೊಲಿಸಿದಳು. ಹಲಸೂರಿನ ಸೋಮೇಶ್ವರನ ಗುಡಿಯಲ್ಲಿ ನಡುವೆ ಎಲ್ಲೂ ಕೂರದೆ ಮೂರು ಸುತ್ತು ಬಂದಳು. ಬಂದ ದಿನವೇ ಮನೆದೇವರು ಶ್ರೀನಿವಾಸನಿಗೆ ಮಾತು ಕೊಟ್ಟಳು: ಬದುಕಿರುವ ತನಕ ಶನಿವಾರ ಉಪವಾಸ, ಕಾಲನಿಯ ಭಜನೆಗೆ ತನ್ನ ಕೈಯಾರೆ ಮಾಡಿದ ಪ್ರಸಾದ. ಕೊಟ್ಟ ಮಾತನ್ನು ಒಂದು ವಾರವೂ ತಪ್ಪಿಸಲಿಲ್ಲ.

ಆದರೂ ತೂಕ ಮರಳಿ ಬಂತು. ವರ್ಷಕ್ಕೆ ಐದು, ಆರು. ೨೦೦೯ರ ಹೊತ್ತಿಗೆ ನೂರ ಹನ್ನೊಂದು. ಸಕ್ಕರೆ ಕಾಯಿಲೆಗೆ ಮಾತ್ರೆ ಸಾಲದೆ ಇಂಜೆಕ್ಷನ್ ಶುರುವಾಯಿತು. ಮಂಡಿ ಸವೆದಿತ್ತು, ಆದರೆ ತೂಕ ಎಂಬತ್ತೈದಕ್ಕೆ ಇಳಿಯುವ ತನಕ ಮುಟ್ಟುವುದಿಲ್ಲ ಎಂದರು ಮಂಡಿಯ ಡಾಕ್ಟರು. ಆ ವರ್ಷ ಮೂರನೇ ತರಗತಿಯನ್ನು ಮಹಡಿಗೆ ಹಾಕಿದರು. ಹದಿನೆಂಟು ಮೆಟ್ಟಿಲು ಹತ್ತಲು ಅವಳಿಗೆ ಒಂದು ಪೀರಿಯಡ್ಡಿನ ಕಾಲು ಭಾಗ ಬೇಕಾಗುತ್ತಿತ್ತು. "ತಿನ್ನದೆ ಇದ್ರೆ ಇಷ್ಟು ಹ್ಯಾಗಾಗುತ್ತೆ?" ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಅಂದದ್ದು ಬಾಗಿಲಾಚೆ ನಿಂತಿದ್ದ ಅವಳ ಕಿವಿಗೆ ಬಿತ್ತು.

ಹೊಸ ಡಾಕ್ಟರು ಬಿಳಿಯ ಔಷಧಿ ಕುಡಿಸಿ ಎಕ್ಸ್‌ರೇ ತೆಗೆಸಿದರು. ಉಂಗುರ ಕೆಳಗೆ ಜಾರಿತ್ತು. ಅದರ ಮೇಲಿನ ಸಣ್ಣ ಚೀಲ ಹಿಗ್ಗಿ ದೊಡ್ಡದಾಗಿತ್ತು.

"ಉಂಗುರ ತೆಗೆದು ಬೈಪಾಸ್ ಮಾಡಬಹುದು," ಅಂದರು ಅವರು. "ಜಠರವನ್ನ ಚಿಕ್ಕದಾಗಿ ಬೇರೆ ಮಾಡಿ, ಕರುಳಿನ ಕೆಳಭಾಗಕ್ಕೆ ಜೋಡಿಸ್ತೀವಿ. ಮೊದಲಿನ ಥರ ಅಲ್ಲ ಇದು. ಹಳೇ ಗಾಯದ ಜಾಗ, ಅಪಾಯ ಜಾಸ್ತಿ. ಬೇಡ ಅಂದ್ರೆ ವಾಪಸ್ ಮಾಡೋದು ಸುಲಭ ಅಲ್ಲ. ಅದಕ್ಕೇ ಕೇಳ್ತೀನಿ, ಮೊದಲನೇದು ಯಾಕೆ ಕೆಟ್ಟಿತು? ನೀವು ಏನು ತಿಂತೀರಿ?"

ಅವಳು ಬಾಯಿ ತೆರೆಯುವ ಮೊದಲೇ ವೆಂಕಟಸುಬ್ಬಯ್ಯ ಹೇಳಿದರು. "ಇವಳು ತಿನ್ನೋದೇ ಇಲ್ಲ ಡಾಕ್ಟ್ರೇ. ಏಳು ವರ್ಷದಿಂದ ಎದುರಿಗೆ ಕೂತು ನೋಡಿದೀನಿ. ಒಂದು ಹಿಡಿ ಅನ್ನ. ಜಾಸ್ತಿ ಆದ್ರೆ ಬಚ್ಚಲಿಗೆ ಓಡ್ತಾಳೆ. ಆ ಉಂಗುರಾನೇ ಸರಿ ಇರ್ಲಿಲ್ಲ, ಬರೆದಿಟ್ಕೊಳಿ."

ಇಪ್ಪತ್ತೇಳು ವರ್ಷ ಕ್ಲೇಮು ವಿಭಾಗದಲ್ಲಿ ಕೂತು ಜನರ ಹೇಳಿಕೆಗಳನ್ನು ಓದಿದ ಮನುಷ್ಯ. ಯಾವುದು ನಿಜ, ಯಾವುದು ಕಟ್ಟಿದ್ದು ಎಂದು ಎರಡು ಸಾಲಿನಲ್ಲಿ ಹೇಳಬಲ್ಲರು. ಹೆಂಡತಿಯ ವಿಷಯದಲ್ಲಿ ಅವರಿಗೆ ಸಂಶಯವೇ ಇರಲಿಲ್ಲ.

ಡಾಕ್ಟರು ವಾದಕ್ಕೆ ಹೋಗಲಿಲ್ಲ. ಮೂರು ತಿಂಗಳು ತಿಂದದ್ದನ್ನೆಲ್ಲ ಬರೆಯಬೇಕು, ಐದು ಕಿಲೋ ಆದರೂ ಇಳಿಸಬೇಕು, ಆಮೇಲೆ ನೋಡೋಣ ಎಂದು, ಆಹಾರ ಹೇಳಿಕೊಡುವ ಫಹ್ಮಿದಾ ಎಂಬ ಹುಡುಗಿಯ ಬಳಿಗೆ ಕಳಿಸಿದರು.

ಅಲಮೇಲು ನೂರು ಪುಟದ ನೋಟ್‌ಬುಕ್ ತಂದು ಕೆಂಪು ಶಾಯಿಯಲ್ಲಿ ಗೆರೆ ಎಳೆದಳು. ದಿನಾಂಕ, ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ. ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದಳು. ಅರ್ಧ ಇಡ್ಲಿ. ಒಂದು ಸೌಟು ಅನ್ನ, ತಿಳಿಸಾರು. ವಾಂತಿಯಾದರೆ ಅದನ್ನೂ. ಶನಿವಾರಗಳಂದು ಮೂರು ಕಾಲಂಗೂ ಸೇರಿಸಿ ಒಂದೇ ಮಾತು: ಉಪವಾಸ. ಆರು ವಾರ ಕಳೆದರೂ ತೂಕ ಕದಲಲಿಲ್ಲ.

ಫಹ್ಮಿದಾ ಶಿವಾಜಿನಗರದವಳು. ಮೂವತ್ತರ ಆಸುಪಾಸು, ತಲೆಯ ಮೇಲೆ ಬೂದು ಬಣ್ಣದ ದುಪ್ಪಟ್ಟ. ಪುಸ್ತಕವನ್ನು ಮೊದಲ ಹಾಳೆಯಿಂದ ಕೊನೆಯ ತನಕ ಓದಿ ಮುಚ್ಚಿದಳು.

"ಟೀಚರ್, ಈ ಬುಕ್ ನೋಡಿದ್ರೆ ನಿಮ್ಮ ತೂಕ ಇಳೀಬೇಕು. ಮೆಷಿನ್ ನೋಡಿದ್ರೆ ಇಳಿದಿಲ್ಲ."

"ನಾನು ಸುಳ್ಳು ಬರ್ದಿಲ್ಲ ಕಣಮ್ಮ."

"ಗೊತ್ತು. ಸುಳ್ಳು ಬರಿಯೋರು ವಾಂತೀನ ಬರಿಯಲ್ಲ." ಅವಳು ಒಂದು ಶನಿವಾರದ ಮೇಲೆ ಬೆರಳಿಟ್ಟಳು. "ಉಪವಾಸ ಅಂದ್ರೆ ಇಡೀ ದಿನ ಏನೂ ಇಲ್ವಾ?"

"ಏನೂ ಇಲ್ಲ. ಬರೀ ಫಲಾಹಾರ."

"ಅಂದ್ರೆ ಹಣ್ಣು?"

"ಹಣ್ಣು ಅಂತಲ್ಲ. ಅಕ್ಕಿ ಬೇಯಿಸಿದ್ದು ಮುಟ್ಟಬಾರದು ಅಷ್ಟೆ. ಬೆಳಿಗ್ಗೆ ಒಂದು ಲೋಟ ಹಾಲು. ಮಧ್ಯಾಹ್ನ ಮೊಸರವಲಕ್ಕಿ. ಸಂಜೆ ಒಂದು ಚೂರು ಸಜ್ಜಿಗೆ, ಬಾಳೆಹಣ್ಣು ಹಾಕಿದ್ದು."

"ಸಜ್ಜಿಗೇಲಿ ತುಪ್ಪ?"

"ತುಪ್ಪ ಇಲ್ದೆ ಸಜ್ಜಿಗೆ ಹ್ಯಾಗಮ್ಮ ಆಗುತ್ತೆ?"

ಫಹ್ಮಿದಾ ನಗಲಿಲ್ಲ. ಪೆನ್ನು ಕೆಳಗಿಟ್ಟು ಕೈ ಕಟ್ಟಿ ಕೂತಳು. "ಹೇಳಿ ಟೀಚರ್. ಭಜನೆ ಇರುತ್ತೆ ಅಂದಿದ್ರಲ್ಲ ಶನಿವಾರ. ಅಲ್ಲಿ?"

"ಅಲ್ಲಿ ತಿನ್ನೋದೇನಿರುತ್ತೆ? ಪ್ರಸಾದ." ಅಲಮೇಲುವಿನ ದನಿ ಸ್ವಲ್ಪ ತಗ್ಗಿತು. "ಸಕ್ಕರೆ ಪೊಂಗಲು ಮಾಡ್ಕೊಂಡು ಹೋಗ್ತೀನಿ. ಎಲ್ರಿಗೂ ಕೊಟ್ಟು ಒಂದು ದೊನ್ನೆ ತಗೋತೀನಿ. ದೇವರದ್ದು, ಅದು ಅಕ್ಕಿ ಆದ್ರೂ ಉಪವಾಸಕ್ಕೆ ದೋಷ ಇಲ್ಲ. ತಳದಲ್ಲಿ ಉಳಿದಿದ್ರೆ ಇನ್ನೊಂದು ದೊನ್ನೆ. ಪ್ರಸಾದ ಚೆಲ್ಲೋಕಾಗುತ್ತಾ?"

"ಅದು ಗಂಟಲಲ್ಲಿ ಸಿಕ್ಕೊಳ್ಳಲ್ವಾ? ಅನ್ನ ಸಿಕ್ಕೊಳ್ಳುತ್ತೆ ಅಂತೀರಲ್ಲ."

"ಇಲ್ಲ. ಮೆತ್ತಗೆ ತುಪ್ಪದಲ್ಲಿ ಬೆಂದದ್ದು, ಅದು ಸಲೀಸಾಗಿ ಇಳಿಯುತ್ತೆ."

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಐದು ವರ್ಷ ಅವಳು ಅದನ್ನು ದೇವರ ಕೃಪೆ ಎಂದುಕೊಂಡಿದ್ದಳು. ಚಪಾತಿ ಇಳಿಯದ ಗಂಟಲಲ್ಲಿ ಪ್ರಸಾದ ಇಳಿಯುತ್ತದೆ ಎಂದು ಭಜನೆಯ ಹೆಂಗಸರಿಗೆ ಹೇಳಿಕೊಂಡೂ ಇದ್ದಳು.

ಫಹ್ಮಿದಾ ಮತ್ತಷ್ಟು ಕೇಳಿದಳು. ಶುಕ್ರವಾರದ ಹೆಸರುಬೇಳೆ ಪಾಯಸ, ಏಕಾದಶಿಯ ಅವಲಕ್ಕಿ, ಶಾಲೆಯಲ್ಲಿ ಯಾರದೋ ಮನೆಯ ಪೂಜೆಯ ಸಪಾದದ ಸಜ್ಜಿಗೆ, ದಿನಕ್ಕೆ ನಾಲ್ಕು ಕಾಫಿ. ಯಾವುದೂ ಪುಸ್ತಕದಲ್ಲಿರಲಿಲ್ಲ. ಯಾವುದೂ ಊಟವಲ್ಲ. ಮುಚ್ಚಿಡಬೇಕೆಂದು ಅಲಮೇಲುವಿಗೆ ಒಂದು ಕ್ಷಣವೂ ಅನ್ನಿಸಿರಲಿಲ್ಲ. ಬರೆಯಬೇಕೆಂದೂ ಅನ್ನಿಸಿರಲಿಲ್ಲ. ಫಹ್ಮಿದಾ ಕ್ಯಾಲ್ಕುಲೇಟರ್ ಒತ್ತಿ, ಬಂದ ಸಂಖ್ಯೆಯನ್ನು ಬಾಯಲ್ಲಿ ಹೇಳದೆ ತಿರುಗಿಸಿ ತೋರಿಸಿದಳು. ವಾರದ ಏಳು ದಿನಗಳಲ್ಲಿ ಅತಿ ಹೆಚ್ಚು ತಿಂದ ದಿನ ಉಪವಾಸದ ದಿನವಾಗಿತ್ತು.

"ನಮ್ಮಲ್ಲೂ ಹಿಂಗೇ ಟೀಚರ್," ಅಂದಳು ಫಹ್ಮಿದಾ. "ರೋಜಾ ಇದ್ದಾಗ ಹಗಲು ನೀರೂ ಇಲ್ಲ. ಸಂಜೆ ಸಮೋಸಾ ಎಷ್ಟು ತಿಂದೆ ಅಂತ ನಮ್ಮ ಅಮ್ಮೀನ ಕೇಳಿ, ರೋಜಾ ಇದ್ದೆ ಅಂತಾರೆ."

"ಡಾಕ್ಟ್ರಿಗೆ ಹೇಳ್ತೀಯಾ?"

"ನಾನು ಹೇಳಲ್ಲ. ನೀವೇ ಹೇಳಿ."

ಸಿಎಂಎಚ್ ರಸ್ತೆಯನ್ನು ಮೆಟ್ರೊಗಾಗಿ ಅಗೆದಿದ್ದರಿಂದ ಮನೆಗೆ ಹೊರಟ ಆಟೊ ಸುತ್ತಿ ಬಳಸಿ ಹೋಯಿತು. ದಾರಿಯುದ್ದಕ್ಕೂ ಅಲಮೇಲು ಒಂದೇ ವಿಷಯವನ್ನು ಯೋಚಿಸಿದಳು. ದೇವರು ಕೊಟ್ಟದ್ದಕ್ಕೆ ಕೃತಜ್ಞತೆಯೆಂದು ಮಾಡಿದ್ದೇ ಕೊಟ್ಟದ್ದನ್ನು ಕಿತ್ತುಕೊಂಡಿತ್ತು. ದೇವರ ಮೇಲೆ ಸಿಟ್ಟು ಬರಲಿಲ್ಲ. ತಾನು ಅವನ ಹೆಸರನ್ನು ಯಾವುದಕ್ಕೆ ಅಡ್ಡ ಹಿಡಿದಿದ್ದೆ ಎಂಬ ನಾಚಿಕೆ ಬಂತು. ಹೇಳಿದರೆ ಡಾಕ್ಟರು ಆಪರೇಷನ್ನೇ ಬೇಡ ಅನ್ನಬಹುದು. ಅದಕ್ಕಿಂತ, ಹೇಳಿದರೆ ಗಂಡನ ಸಾಕ್ಷಿ ಸುಳ್ಳಾಗುತ್ತದೆ.

ಎಂಟು ದಿನ ಗಂಡನಿಗೆ ಹೇಳಲಾಗಲಿಲ್ಲ. ಆದರೆ ಹೊಸ ಪುಸ್ತಕ ಮಾಡಿದಳು. ಕಾಲಂಗಳಿಲ್ಲ, ಮೇಲೆ ಒಂದೇ ತಲೆಬರಹ, 'ಬಾಯಿಗೆ ಹೋದದ್ದು'. ಭಾನುವಾರ ಬೆಳಿಗ್ಗೆ ವೆಂಕಟಸುಬ್ಬಯ್ಯ ಪೇಪರ್ ಓದುತ್ತಿದ್ದಾಗ ಅದನ್ನು ಅವರ ತೊಡೆಯ ಮೇಲಿಟ್ಟಳು. ಅವರು ಕನ್ನಡಕ ಸರಿಮಾಡಿಕೊಂಡು ಓದಿದರು.

"ಇದೇನು, ಪ್ರಸಾದ ಎಲ್ಲ ಬರೆದಿದೀಯ?"

"ಹೋಗಿದ್ದು ಬಾಯಿಗೇ ಅಲ್ವೇನ್ರೀ."

"ಪ್ರಸಾದ ತಿಂದು ದಪ್ಪ ಆದ್ಲು ಅಂತ ನಾನು ಡಾಕ್ಟ್ರ ಮುಂದೆ ಹೇಳ್ಲಾ? ನಗ್ತಾರೆ."

"ನೀವು ಹೇಳ್ಬೇಡಿ. ಏಳು ವರ್ಷ ನನ್ನ ಪರವಾಗಿ ನೀವೇ ಹೇಳಿದ್ರಿ. ಈ ಸಲ ನಾನು ಹೇಳ್ತೀನಿ."

ಅವರು ಪುಸ್ತಕ ಮುಚ್ಚಿ ಹಿಂದಕ್ಕೆ ಕೊಟ್ಟರು. ಸಂಜೆ ಕಾಫಿ ತಾವೇ ಮಾಡಿ ತಂದರು. "ಸಕ್ಕರೆ ಹಾಕಿಲ್ಲ," ಅಂದರು. "ಬರ್ಕೋ, ಅರ್ಧ ಲೋಟ."

ಕಷ್ಟವಾದದ್ದು ಶನಿವಾರ. ಪೊಂಗಲು ಮಾಡುವುದನ್ನು ಅವಳು ಬಿಡಲಿಲ್ಲ. ಭಜನೆ ಮುಗಿದು ಹಂಚುವಾಗ, ಭಜನೆ ನಡೆಸುವ ಆದಿಲಕ್ಷ್ಮಿ ದೊನ್ನೆ ತುಂಬಿ ಅವಳ ಮುಂದೆ ಹಿಡಿದಳು.

"ಒಂದು ಅಗುಳು ಸಾಕು ಆದಿಲಕ್ಷ್ಮಿ."

"ಪ್ರಸಾದ ಬೇಡ ಅನ್ನೋರನ್ನ ನಾನು ಇವತ್ತೇ ನೋಡಿದ್ದು. ಅದೂ ಮಾಡ್ಕೊಂಡು ಬಂದೋರೇ."

"ಬೇಡ ಅಂದಿಲ್ಲ. ಒಂದು ಅಗುಳು ಅಂದೆ. ಬೈಪಾಸ್ ಮಾಡ್ತಾರೇನೋ, ಅದಕ್ಕೆ ಪಥ್ಯ."

"ಬೈಪಾಸ್ ಹಾರ್ಟಿಗಲ್ವೇನ್ರೀ ಮಾಡೋದು?"

"ಹೊಟ್ಟೆಗೂ ಮಾಡ್ತಾರಂತೆ."

"ಸರಿ, ದೊಮ್ಮಲೂರಲ್ಲಿ ಹಾಕಿದ ಹಾಗೆ ಹೊಟ್ಟೆ ಮೇಲೂ ಒಂದು ಫ್ಲೈಓವರ್ ಅನ್ನಿ," ಎಂದಳು ಆದಿಲಕ್ಷ್ಮಿ. ಹೆಂಗಸರೆಲ್ಲ ನಕ್ಕರು, ಅಲಮೇಲುವೂ ನಕ್ಕಳು. ಅಂಗೈ ಮೇಲೆ ಬಿದ್ದ ಒಂದು ಅಗುಳನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿದಳು. ನುಂಗಲು ಅವಸರ ಮಾಡಲಿಲ್ಲ. ತುಪ್ಪ, ಬೆಲ್ಲ, ಪಚ್ಚಕರ್ಪೂರ ಒಂದೊಂದಾಗಿ ತಿಳಿದವು. ಮನೆಗೆ ಬಂದು ಬರೆದಳು: ಪ್ರಸಾದ, ಒಂದು ಅಗುಳು.

ಮೂರು ತಿಂಗಳು ತುಂಬಿದಾಗ ನಾಲ್ಕೂವರೆ ಕಿಲೋ ಇಳಿದಿತ್ತು. ಅವಳು ಎರಡೂ ಪುಸ್ತಕಗಳನ್ನು ಡಾಕ್ಟರ ಮೇಜಿನ ಮೇಲಿಟ್ಟಳು. ಮೊದಲನೆಯದು ತಪ್ಪು, ಎರಡನೆಯದು ಸರಿ ಎಂದಳು. ಯಾಕೆ ತಪ್ಪಾಯಿತು ಎಂದು ಒಂದನ್ನೂ ಬಿಡದೆ ಹೇಳಿದಳು. ವೆಂಕಟಸುಬ್ಬಯ್ಯ ಪಕ್ಕದ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಡಾಕ್ಟರು ನಗಲಿಲ್ಲ.

"ಹೀಗೇ ಬಾಯಿ ಕಟ್ಟಿದ್ರೆ ಸಾಕಲ್ವಾ, ಮತ್ತೆ ಯಾಕೆ ಕೊಯ್ಯೋದು?" ಎಂದು ಅವಳೇ ಕೇಳಿದಳು. ತಿಂಗಳಿಂದ ಅವಳನ್ನು ಕಾಡುತ್ತಿದ್ದ ಪ್ರಶ್ನೆ ಅದು.

"ಕೆಲವರಿಗೆ ಸಾಕಾಗಬಹುದು. ನಿಮ್ಮ ಸಕ್ಕರೆ, ನಿಮ್ಮ ಮಂಡಿ ಅಷ್ಟು ಕಾಯಲ್ಲ ಅಂತ ನನಗನ್ಸುತ್ತೆ. ಜಾರಿದ ಉಂಗುರ ಹೇಗೂ ತೆಗೀಲೇಬೇಕು. ತೆಗೆದು ಸುಮ್ಮನೆ ಬಿಟ್ರೆ ಹಸಿವು ಜೋರಾಗುತ್ತೆ. ಬೈಪಾಸ್ ಆದ್ಮೇಲೆ ಸಿಹಿ ಜಾಸ್ತಿ ಆದ್ರೆ ಬೆವರು, ಎದೆಬಡಿತ, ತಲೆಸುತ್ತು ಬರಬಹುದು. ಜೀವಮಾನವಿಡೀ ಮಾತ್ರೆ ತಗೋಬೇಕು. ಆಪರೇಷನ್ನಲ್ಲಿ ಜೀವಕ್ಕೆ ಅಪಾಯವೇ ಇಲ್ಲ ಅಂತಾನೂ ಹೇಳಲ್ಲ. ಇಳಿದದ್ದು ಅರ್ಧ ಕಿಲೋ ಕಮ್ಮಿ ಆದ್ರೂ ಪರವಾಗಿಲ್ಲ, ನಾನು ಮಾಡಕ್ಕೆ ರೆಡಿ. ಮಾಡ್ಸೋದು ಬಿಡೋದು ನಿಮ್ಮದು."

ಮನೆಗೆ ಹೋಗಿ ಯೋಚಿಸಿ ಹೇಳುತ್ತೇವೆ ಎಂದರು ವೆಂಕಟಸುಬ್ಬಯ್ಯ. ಅಲಮೇಲು ಎರಡನೆಯ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. ಇಷ್ಟು ದಿನ ಅವಳನ್ನು ತಡೆದದ್ದು ಕತ್ತಿಯ ಭಯವಲ್ಲ. ತಾನೇನೂ ತಿನ್ನದೆಯೂ ಮೊದಲನೆಯದು ಕೆಟ್ಟ ಮೇಲೆ ಎರಡನೆಯದೂ ಹಾಗೇ ಕೆಡುತ್ತದೆ ಎಂಬ ಭಯ. ಈಗ ಕೆಟ್ಟದ್ದು ಯಾಕೆಂದು ಗೊತ್ತಿತ್ತು.

"ಮಾಡಿ ಡಾಕ್ಟ್ರೇ," ಅಂದಳು.

ಹದಿನೈದು ದಿನ ದ್ರವಾಹಾರ. ಮಜ್ಜಿಗೆ, ತರಕಾರಿ ಕಟ್ಟು, ಪ್ರೋಟೀನ್ ಪುಡಿ ಕಲಸಿದ ಹಾಲು. ರಕ್ತ, ಹೃದಯ, ಶ್ವಾಸಕೋಶದ ಪರೀಕ್ಷೆಗಳು ಮುಗಿದವು. ಶಾಲೆಗೆ ಆರು ವಾರದ ರಜೆ ಬರೆದಳು. ತಾಳಿ, ಕಾಲುಂಗುರ ಬಿಚ್ಚಿ ದೇವರ ಮುಂದಿಟ್ಟು ಕೊರಳಿಗೆ ಅರಿಸಿನದ ದಾರ ಕಟ್ಟಿಕೊಂಡಳು. ಅದನ್ನೂ ಒಳಗೆ ಹೋಗುವಾಗ ಬಿಚ್ಚಬೇಕಾಗುತ್ತದೆ ಎಂದು ಫಹ್ಮಿದಾ ಮೊದಲೇ ತಿಳಿಸಿದ್ದಳು.

ಸೇರುವ ದಿನ ಆಸ್ಪತ್ರೆಯ ಕೌಂಟರಿನಲ್ಲಿ ಕೊಟ್ಟ ಕಾಗದಗಳನ್ನು ಎಂದಿನಂತೆ ವೆಂಕಟಸುಬ್ಬಯ್ಯ ತುಂಬತೊಡಗಿದರು. ಹೆಸರು, ವಯಸ್ಸು, ವಿಳಾಸ. ಹಿಂದಿನ ಶಸ್ತ್ರಚಿಕಿತ್ಸೆ, ವರ್ಷ. ಅದರ ಕೆಳಗೆ, ಅದು ವಿಫಲವಾದ ಕಾರಣ. ಅಲ್ಲಿ ಅವರ ಪೆನ್ನು ನಿಂತಿತು. ಇಂಥ ಜಾಗದಲ್ಲಿ ಒಂದು ಪದ ಹೆಚ್ಚುಕಮ್ಮಿಯಾದರೆ ಕ್ಲೇಮು ಬಿದ್ದುಹೋಗುತ್ತದೆಂದು ಅವರಿಗಿಂತ ಬಲ್ಲವರಿಲ್ಲ.

"ಉಂಗುರ ಜಾರಿದ್ದು ಅಂತ ಬರೀಲಾ?" ಮೆಲ್ಲಗೆ ಕೇಳಿದರು. "ಅಷ್ಟು ಸಾಕಲ್ವಾ? ಅದೂ ನಿಜಾನೇ."

"ಎರಡೂ ಬರೀರಿ."

"ಅಲಮೇಲು."

"ಉಂಗುರ ಜಾರಿದ್ದು. ನಾನು ತಿಂದದ್ದು. ಎರಡೂ."

ಅವರು ಅವಳ ಮುಖ ನೋಡಿದರು. ಆಮೇಲೆ ಕಾಗದವನ್ನೂ ಪೆನ್ನನ್ನೂ ಅವಳ ಕಡೆಗೆ ಸರಿಸಿದರು. ಅವಳು ಆ ಒಂದು ಸಾಲನ್ನು ತನ್ನ ಕೈಯಲ್ಲೇ ಬರೆದು, ಸಹಿ ಹಾಕಿ, ಅವರಿಗೆ ಹಿಂದಕ್ಕೆ ಕೊಟ್ಟಳು. ಸಾಕ್ಷಿ ಎಂದಿದ್ದ ಕಡೆ ವೆಂಕಟಸುಬ್ಬಯ್ಯ ತಮ್ಮ ಹೆಸರು ಬರೆದರು.